ಅಲಾರಂ ಕೂಗಲಿ ಎಂದು ಕಾಯುವ ಹರಿಣಿ

ಬೆಳಗಿನ ಆರು ಗಂಟೆ. ದೆಹಲಿಯ ಜನಕಪುರಿಯ ಪುಟ್ಟ ರಕ್ತನಿಧಿಯೊಂದರಲ್ಲಿ ಹರಿಣಿ ಕೈಕಟ್ಟಿ ಕುಳಿತಿದ್ದಾರೆ. ಅವರ ಕುರ್ಚಿಯಲ್ಲಿ ಇವತ್ತು ಟೆಕ್ನಿಷಿಯನ್ ಪ್ರಕೃತಿ. ಕೀಬೋರ್ಡಿನತ್ತ ಕೈ ಚಾಚದೆ ಇರುವುದು ಎಷ್ಟು ಕಷ್ಟವೆಂದು ಹರಿಣಿಯ ಮುಖವೇ ಹೇಳುತ್ತಿದೆ. ಇವತ್ತಿನ ಕೆಲಸವನ್ನು ಪ್ರಕೃತಿ ಒಬ್ಬರೇ ಮಾಡಿ ತೋರಿಸಿದರೆ ಹರಿಣಿಗೆ ಹತ್ತು ದಿನ ರಜೆ. ಹೊಸದುರ್ಗದಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇದೆ. ಏಳು ವರ್ಷಗಳಲ್ಲಿ ಅವರು ಕೇಳಿದ ಮೊದಲ ದೊಡ್ಡ ರಜೆ ಇದು.

ನಲವತ್ತಾರರ ಹರಿಣಿ, ಕೇಂದ್ರ ಸರ್ಕಾರಿ ನೌಕರರಾದ ಪತಿಯೊಂದಿಗೆ ದೆಹಲಿಗೆ ಬಂದವರು. ಇಲ್ಲಿನ ಐದು ಫ್ರಿಜ್‌ಗಳ ತಾಪಮಾನ ಕಾಯುವ ಪ್ರೋಗ್ರಾಂ ಅವರ ಸುಪರ್ದಿಯಲ್ಲಿದೆ. ಯಾರೋ ಪುಣ್ಯಾತ್ಮರು ಹಿಂದೆಂದೋ ಸಿ ಭಾಷೆಯಲ್ಲಿ ಬರೆದಿಟ್ಟು ಹೋದದ್ದು. ಲಿನಕ್ಸ್ ಕಂಪ್ಯೂಟರಿನಲ್ಲಿ ಓಡುತ್ತದೆ. ಐದು ನಿಮಿಷಕ್ಕೊಮ್ಮೆ ಅಳತೆ, ಅಂದರೆ ಒಂದೊಂದು ಫ್ರಿಜ್‌ಗೆ ದಿನಕ್ಕೆ ೨೮೮ ಸಲ. ಆರು ಡಿಗ್ರಿ ದಾಟಿದರೆ ಅಲಾರಂ ಕೂಗಬೇಕು.

ಮೂರು ವರ್ಷದ ಹಿಂದೊಮ್ಮೆ ಅದು ಕೂಗಲಿಲ್ಲ. ತಪ್ಪು ತಮ್ಮದೇ ಎಂದು ಹರಿಣಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಪ್ರೋಗ್ರಾಂನ ಇಪ್ಪತ್ತಮೂರು ಫೈಲ್‌ಗಳೂ ಒಂದೇ ಹೆಡರ್ ಫೈಲ್ ನೋಡಿಕೊಂಡು ನಡೆಯುತ್ತವೆ. ಯಾವ ಮಾಹಿತಿ ಎಷ್ಟನೇ ಜಾಗದಲ್ಲಿದೆ ಎಂದು ಹೇಳುವುದು ಅದೇ. ತಾಪಮಾನವಿದ್ದ ಮೊದಲ ಜಾಗಕ್ಕೆ ಹರಿಣಿ ಫ್ರಿಜ್‌ನ ನಂಬರ್ ಸೇರಿಸಿದರು; ತಾಪಮಾನ ಎರಡನೇ ಜಾಗಕ್ಕೆ ಸರಿಯಿತು. ಹೆಡರ್ ಬದಲಾದರೆ ಯಾವ್ಯಾವ ಫೈಲನ್ನು ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಯಂತ್ರದ ಭಾಷೆಗೆ ತಿರುಗಿಸಬೇಕು ಎಂಬ ಪಟ್ಟಿಯನ್ನು ಆಗ ಅವರೇ ಬರೆದಿಡುತ್ತಿದ್ದರು. ಅದರಲ್ಲಿ ಅಲಾರಂ ಫೈಲ್ ಬಿಟ್ಟುಹೋಗಿತ್ತು. ಉಳಿದದ್ದೆಲ್ಲ ಹೊಸದಾಯಿತು, ಅಲಾರಂ ಹಳೆಯದೇ ಉಳಿಯಿತು. ಕಂಪ್ಯೂಟರ್ ತುಟಿ ಬಿಚ್ಚಲಿಲ್ಲ.

"ನಾಲ್ಕನೇ ಫ್ರಿಜ್ ಕೆಟ್ಟು ಒಂಬತ್ತು ಡಿಗ್ರಿ ಆಗಿದೆ. ಅಲಾರಂ ಮೊದಲನೇ ಜಾಗ ನೋಡ್ತು, ಅಲ್ಲಿ ಫ್ರಿಜ್ ನಂಬರು, ನಾಲ್ಕು. ನಾಲ್ಕು ಡಿಗ್ರಿ ಇದೆ, ಸರಿಯಾಗಿದೆ ಅಂದ್ಕೊಂಡು ಸುಮ್ನೆ ಕೂತಿತ್ತು!" ಎನ್ನುತ್ತಾರೆ ಹರಿಣಿ. ಪ್ರಕೃತಿ ಥರ್ಮಾಮೀಟರ್ ನೋಡಿ ರಿಜಿಸ್ಟರ್‌ನಲ್ಲಿ ಬರೆಯುವಾಗ ಗುಟ್ಟು ಬಯಲಾಯಿತು. ಹನ್ನೊಂದು ಚೀಲ ರಕ್ತ ದಂಡವಾಯಿತು. "ಆಫೀಸಿಗೆ ಹೋಗೋರು ದಾರೀಲಿ ನಿಂತು ಕೊಟ್ಟ ರಕ್ತ ರೀ ಅದು. ವಾರವೆಲ್ಲಾ ನಂಗೆ ಊಟ ಸೇರ್ಲಿಲ್ಲ."

ಅಂದಿನಿಂದ ಪಟ್ಟಿ ಮಾಡುವ ಕೆಲಸ, ಹಾಗೆ ತಿರುಗಿಸಿಕೊಡುವ ಕಂಪೈಲರ್‌ನದೇ. "ಯಾರು ಯಾರನ್ನ ನಂಬ್ಕೊಂಡಿದಾರೆ ಅಂತ ಅದಕ್ಕೇ ಕೇಳಿದ್ರೆ ಸರಿಯಾಗಿ ಹೇಳುತ್ತೆ. ನನ್ನ ನೆನಪಿಗಿಂತ ವಾಸಿ." ಆದರೂ ಪ್ರತಿ ಬದಲಾವಣೆಯಾದ ಮೇಲೆ ಹರಿಣಿ ನಾಲ್ಕನೇ ಫ್ರಿಜ್‌ನ ತಾಪ ಅಳೆಯುವ ಸೆನ್ಸರ್ ಹೊರಗೆ ತೆಗೆದು, ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿ, ಅಲಾರಂ ಕೂಗುವವರೆಗೂ ಬಿಡುವುದಿಲ್ಲ.

ಇವತ್ತು ಹೆಡರ್‌ಗೆ ಸೇರುತ್ತಿರುವುದು ಫ್ರಿಜ್ ಬಾಗಿಲು ತೆರೆದಿದ್ದ ಹೊತ್ತು. ಪ್ರಕೃತಿ ಒಂದು ಸಾಲು ಸೇರಿಸಿ ಕಂಪೈಲ್ ಮಾಡುತ್ತಾರೆ. ಫೈಲ್‌ಗಳ ಹೆಸರುಗಳು ಪರದೆ ಮೇಲೆ ಸಾಲಾಗಿ ಬರುತ್ತವೆ.

"ತೇಯೀಸ್! ಅಕ್ಕಾ, ಪೂರಾ ಇಪ್ಪತ್ಮೂರು ಬಂತು."

"ಅಚ್ಛಾ, ಈಗ್ಲೇ ಕುಣೀಬೇಡ. ಸೆನ್ಸರ್ ಹಿಡ್ಕೋ."

ಪ್ರಕೃತಿ ಮುಷ್ಟಿ ಬಿಗಿಯುತ್ತಾರೆ. ಮುಂದಿನ ಅಳತೆಗೆ ಇನ್ನೂ ಮೂರು ನಿಮಿಷವಿದೆ. ಹರಿಣಿ ಗೋಡೆ ಗಡಿಯಾರವನ್ನೇ ನೋಡುತ್ತಾ ಕೂರುತ್ತಾರೆ. ವರದಿಗೆಂದು ಬಂದ ನಾನೂ ಬರೆಯುವುದು ಬಿಟ್ಟು ಅತ್ತಲೇ ನೋಡುತ್ತೇನೆ.

ಅಲಾರಂ ಕಿವಿ ಗಡಚಿಕ್ಕುವಂತೆ ಕೂಗುತ್ತದೆ. "ಕ್ಯಾ ಹುವಾ ಮೇಡಂಜೀ?" ಎಂದು ಗಾರ್ಡ್ ಓಡಿಬರುತ್ತಾನೆ. ಹರಿಣಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಇನ್ನು ನಾನಿಲ್ದಿದ್ರೂ ಇದು ಕೂಗುತ್ತೆ. ಅಲ್ಲಿ ಬ್ಯಾಂಡೇಜ್ ಬಿಚ್ಚಿದಾಗ ಅಮ್ಮನಿಗೆ ಮೊದ್ಲು ನನ್ನ ಮುಖ ಕಾಣ್ಬೇಕು. ಅಷ್ಟೇ ನಂಗೆ."