ನಮ್ಮತ್ತೆಯ ಹೆಬ್ಬೆರಳ ಗೊಂಬೆಗಳು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಬಲಕ್ಕೆ ಹೋಗುತ್ತಾ ಮೇಲೇರುತ್ತದೆ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ನಮ್ಮ ಬೀದಿಯ ಗ್ರಂಥಾಲಯದ ಮೇಡಂ ಕೈಬರಹದ ಪತ್ರಿಕೆಗೆ ‘ನಿನಗೆ ಚೆನ್ನಾಗಿ ಗೊತ್ತಿರುವ, ದುಡಿಯುವ ಒಬ್ಬರ ಬಗ್ಗೆ ಬರೆದು ಕೊಡು’ ಎಂದರು. ನನಗೆ ಚೆನ್ನಾಗಿ ಗೊತ್ತಿರುವವರು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಬೇಕು.

ಅತ್ತೆ ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಗೊಂಬೆಗಳನ್ನು ಮಾಡುತ್ತಾರೆ. ಮಾಡುತ್ತಾರೆ ಎನ್ನುವುದಕ್ಕಿಂತ ಜೋಡಿಸುತ್ತಾರೆ ಎನ್ನುವುದು ಸರಿ. ಮಕ್ಕಳು ಆಡಿ ಬಿಟ್ಟ ಆಟಿಕೆಗಳು ಗುಜರಿ ಅಂಗಡಿಗೆ ಮೂಟೆಗಟ್ಟಲೆ ಬರುತ್ತವೆ. ಅದರೊಳಗೆ ಈ ಗೊಂಬೆಗಳ ತಲೆ, ಕೂದಲು, ಮುಂಡ, ಕಾಲು ಎಲ್ಲ ಬೇರೆ ಬೇರೆಯಾಗಿ ಚಕ್ರ, ಬಾಟಲಿ ಮುಚ್ಚಳಗಳ ಜೊತೆ ಬೆರೆತಿರುತ್ತವೆ. ಅತ್ತೆ ಅವನ್ನು ಆರಿಸಿ, ತೊಳೆದು, ವಿಂಗಡಿಸಿ ಇಡುತ್ತಾರೆ. ಯಾರಾದರೂ ಬಂದು ನಮ್ಮ ಚಿಕ್ಕಪ್ಪನ ಹಾಗೆ ಬೇಕು, ಗುಂಗುರು ಕೂದಲು, ದಪ್ಪ ಮೀಸೆ, ಕೈಯಲ್ಲಿ ಸುತ್ತಿಗೆ ಎಂದರೆ, ಆ ಚಿಕ್ಕಪ್ಪನನ್ನು ಡ್ರಾಯರುಗಳಿಂದ ಹುಡುಕಿ ತೆಗೆಯುತ್ತಾರೆ.

ಇದಕ್ಕೆ ಮೊದಲು ಅವರು ಹತ್ತೊಂಬತ್ತು ವರ್ಷ ಶರಟಿನ ಕಾರ್ಖಾನೆಯಲ್ಲಿ ಗುಂಡಿ ವಿಂಗಡಿಸುವ ಮೇಜಿನಲ್ಲಿ ಕೂತವರು. ಎರಡು ತೂತಿನದು, ನಾಲ್ಕು ತೂತಿನದು, ಅಂಚು ಮುಕ್ಕಾದದ್ದು ಎಂದು ಬೆರಳಲ್ಲೇ ತಿಳಿಯುತ್ತಿತ್ತಂತೆ. ಯಂತ್ರಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸದ ಜಾಗ ಅದು. ಹಾಗಾಗಿ ಅತ್ತೆಗೆ ಮಾತು ಕಡಿಮೆ, ಸನ್ನೆ ಹೆಚ್ಚು. ಈಗಲೂ ಟೀ ಬೇಕಾದರೆ ಬಾಯಿ ತೆರೆಯುವುದಿಲ್ಲ, ಲೋಟ ಹಿಡಿದ ಹಾಗೆ ಕೈ ಎತ್ತುತ್ತಾರೆ. ಒಮ್ಮೆ ಅವರ ಮೇಲ್ವಿಚಾರಕಿ ನಿವೃತ್ತರಾದಾಗ, ಗೆಳತಿಯ ಮನೆಯ ಹಳೆಯ ಆಟಿಕೆ ಚೀಲದಿಂದ ತುಂಡುಗಳನ್ನು ಆರಿಸಿ ಆ ಮೇಲ್ವಿಚಾರಕಿಯನ್ನು ಮಾಡಿಕೊಟ್ಟರು. ಸಿಡುಕು ಮುಖ, ಗಂಟು ಹಾಕಿದ ಕೂದಲು, ಕೈಯಲ್ಲಿ ಲೆಕ್ಕ ಬರೆಯುವ ಹಲಗೆ. ಮೇಜಿನ ಎಲ್ಲರೂ ತಮ್ಮ ತಮ್ಮದು ಬೇಕೆಂದು ದುಂಬಾಲು ಬಿದ್ದರು. ಕಾರ್ಖಾನೆ ಬೇರೆ ಊರಿಗೆ ಹೋದಾಗ ಅತ್ತೆ ಹೋಗಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡರು.

ಒಳಗಿನ ಕೋಣೆಯ ಗೋಡೆಗೆ ಮೊಳೆ, ತಿರುಪು ಇಡುವಂಥ ಸಣ್ಣ ಡ್ರಾಯರುಗಳ ಕಪಾಟುಗಳಿವೆ. ಒಟ್ಟು ಇನ್ನೂರ ನಲವತ್ತು ಡ್ರಾಯರು. ನೋಡಿದವರೆಲ್ಲ ಬಣ್ಣಬಣ್ಣವಾಗಿ ಜೋಡಿಸಿದರೆ ಚೆನ್ನಾಗಿರುತ್ತದೆ ಎನ್ನುತ್ತಾರೆ. ಅತ್ತೆ ಹಾಗೆ ಮಾಡುವುದಿಲ್ಲ. ಕೆಂಪು ತುಂಡುಗಳ ರಾಶಿಯಲ್ಲಿ ಒಂದು ಕೆಂಪು ಟೋಪಿ ಹುಡುಕುವುದು ಕಷ್ಟ, ಟೋಪಿಗಳ ರಾಶಿಯಲ್ಲಿ ಕೆಂಪು ಟೋಪಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಮೊದಲು ಆಕಾರ, ಆಮೇಲೆ ಬಣ್ಣ. ತಲೆಗಳಿಗೆ ಮಾತ್ರ ಬೇರೆ ಪದ್ಧತಿ. ನಗುವವು, ಸುಮ್ಮನಿರುವವು, ಸಿಟ್ಟಿನವು, ಕನ್ನಡಕದವು ಎಂದು ಇಡುತ್ತಾರೆ. ಹಿಂದೆ ಮುಂದೆ ಎರಡು ಮುಖ ಇರುವ ತಲೆಗಳೂ ಇವೆ, ಒಂದು ಕಡೆ ನಗು, ಇನ್ನೊಂದು ಕಡೆ ಅಳು. ಬೇಡದ ಮುಖವನ್ನು ಕೂದಲು ಮುಚ್ಚುತ್ತದೆ.

ಮಾವ ಎಲೆಕ್ಟ್ರಿಷಿಯನ್. ಬರಿಗಾಲಲ್ಲಿ ಓಡಾಡಿ ತುಂಡು ತುಳಿದಾಗಲೆಲ್ಲ, “ಮನೇಲಿರೋದು ಇಬ್ಬರು, ತಲೆ ಮಾತ್ರ ನಾಲ್ಕು ಸಾವಿರ. ಒಂದರಲ್ಲೂ ಬುದ್ಧಿ ಇಲ್ಲ” ಎನ್ನುತ್ತಾರೆ. ಅತ್ತೆ ಕಾಲು ತೋರಿಸುವಂತೆ ಸನ್ನೆ ಮಾಡಿ, ತುಂಡು ಮುರಿದಿದೆಯೇ ಎಂದು ನೋಡುತ್ತಾರೆ. ಕಾಲನ್ನು ನೋಡುವುದಿಲ್ಲ.

ನಾನು ಅಲ್ಲಿ ಸೇರಿದ್ದು ಒಂದೂವರೆ ವರ್ಷದ ಹಿಂದೆ. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ನಾನು ಪುಸ್ತಕ ಮುಚ್ಚಿ ಕೂತುಬಿಡುತ್ತಿದ್ದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಇದು ಅತ್ತೆಯ ವಿಷಯ. ಶಾಲೆ ಬಿಟ್ಟು ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದಾಗ ಅತ್ತೆ ಬಂದು, “ಅಲ್ಲಿ ಬಂದು ಕೂತ್ಕೋ. ಮಾತಾಡ್ಬೇಕಿಲ್ಲ. ಅವೂ ಮಾತಾಡಲ್ಲ” ಎಂದರು. ಅಷ್ಟೇ. ಮರುದಿನದಿಂದ ಹೋದೆ. ನಾನು ಮಾತಾಡುವುದಿಲ್ಲವೆಂದು ಮಾವ ನನಗೆ ಬಾಯಿಬಡುಕಿ ಎಂದು ಹೆಸರಿಟ್ಟರು.

ಅತ್ತೆ ನನಗೆ ಕಲಿಸಿದ್ದನ್ನೆಲ್ಲ ಮಾಡಿ ತೋರಿಸಿದರು. ತುಂಡುಗಳನ್ನು ಬಲೆಯ ಚೀಲಕ್ಕೆ ಹಾಕಿ ಬೆಚ್ಚಗಿನ ಸೋಪಿನ ನೀರಲ್ಲಿ ಅಲುಗಾಡಿಸಬೇಕು, ಉಜ್ಜಬಾರದು, ಉಜ್ಜಿದರೆ ಮುಖದ ಬಣ್ಣ ಹೋಗುತ್ತದೆ. ಮುಂಡವನ್ನು ದೀಪಕ್ಕೆ ಹಿಡಿದು ಕಂಕುಳ ಕೆಳಗೆ ಕೂದಲೆಳೆಯಂಥ ಬಿರುಕು ಇದೆಯೇ ನೋಡಬೇಕು. ಕೊನೆಯದು ಎಣಿಕೆ. ತಲೆ, ಕೂದಲು ಇಲ್ಲವೇ ಟೋಪಿ, ಮುಂಡ, ಎರಡು ತೋಳು, ಎರಡು ಕೈ, ಸೊಂಟ, ಎರಡು ಕಾಲು. ಒಟ್ಟು ಹತ್ತು. ಹತ್ತು ಇಲ್ಲದ ಗೊಂಬೆ ಈ ಮನೆಯಿಂದ ಹೊರಗೆ ಹೋಗಕೂಡದು. ಈ ಒಂದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಿದ್ದರು. ತೋಳಿನ ತುದಿಯ ಕೈ ಎಲ್ಲಕ್ಕಿಂತ ಚಿಕ್ಕದು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಕೊಕ್ಕೆಯ ಹಾಗೆ ಬಾಗಿರುತ್ತದೆ. ಕಳೆದುಹೋಗುವುದು ಯಾವಾಗಲೂ ಅದೇ. ಎಣಿಕೆಯ ಕೆಲಸ ನನ್ನದಾಯಿತು. ಒಂದೂವರೆ ವರ್ಷದಲ್ಲಿ ನಾನು ಒಂದು ಸಲವೂ ತಪ್ಪಿರಲಿಲ್ಲ.

ಕಳೆದ ತಿಂಗಳು ಒಬ್ಬರು ಆರ್ಡರ್ ಕೊಡಲು ಬಂದರು. ತಗಡಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರ ನಡೆಸುತ್ತಿದ್ದವರು. ಎರಡು ವರ್ಷದ ಹಿಂದೆ ಆ ಯಂತ್ರಕ್ಕೆ ಅವರ ಬಲಗೈ ಸಿಕ್ಕಿ ಮಣಿಕಟ್ಟಿನಿಂದ ಹೋಯಿತು. ಈಗ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಇದ್ದಾರೆ. ಅವರ ಮಗಳಿಗೆ ಆರು ತುಂಬುವುದರಲ್ಲಿತ್ತು. ಅವಳ ಬಳಿ ಆಟದ ಮನೆಯೊಂದಿದೆ, ಅದರಲ್ಲಿ ಅಮ್ಮನ ಗೊಂಬೆ ಇದೆ, ಅವಳದೂ ಇದೆ. ಅಪ್ಪನದು ಎಂದು ತಂದುಕೊಟ್ಟದ್ದನ್ನು ಅವಳು ‘ಇದು ಬೇರೆ ಯಾರೋ ಅಂಕಲ್ಲು’ ಎಂದು ಮನೆಯ ಹೊರಗೇ ಇಟ್ಟಿದ್ದಳಂತೆ. ಹುಟ್ಟಿದ ದಿನಕ್ಕೆ ನನ್ನ ಅಪ್ಪನೇ ಬೇಕು ಎಂದು ಕೇಳಿದ್ದಳು. ಅದಕ್ಕೆ ಬಲಗೈ ಇಲ್ಲದ ಗೊಂಬೆ ಬೇಕೆಂದು ಅವರು ಅತ್ತೆಗೆ ಹೇಳಿದರು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಗಿರಾಕಿಗಳು ಬಂದಾಗ ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ. ಅತ್ತೆಯೂ ಒಳಗೆ ಬಂದು ಏನೂ ಹೇಳಲಿಲ್ಲ. ಆ ಗೊಂಬೆಯನ್ನು ತಾವೇ ಪೆಟ್ಟಿಗೆಗೆ ಹಾಕಿದರಾಯಿತು ಎಂದುಕೊಂಡಿದ್ದರಂತೆ.

ಗೊಂಬೆ ಒಯ್ಯಲು ಅವರು ಬರಬೇಕಿದ್ದ ಶನಿವಾರ ಬೆಳಿಗ್ಗೆ ಗುಜರಿಯವನ ಫೋನು ಬಂತು, ದೊಡ್ಡ ಮೂಟೆಯೊಂದು ಬಂದಿದೆ, ಬೇಗ ಬನ್ನಿ ಅಕ್ಕ ಎಂದು. ಆ ಗೊಂಬೆಯ ವಿಷಯ ಹೇಳಲು ಮರೆತು ಅತ್ತೆ ಅವಸರದಲ್ಲಿ ಹೊರಟರು. ಸಿದ್ಧವಾದ ಗೊಂಬೆಗಳ ತಟ್ಟೆಯಲ್ಲಿ ಐದು ಗೊಂಬೆ ಇದ್ದವು. ನಾನು ಎಣಿಸಿದೆ. ನಾಲ್ಕು ಸರಿಯಿದ್ದವು. ಐದನೆಯದು ನೀಲಿ ಸಮವಸ್ತ್ರದ್ದು, ಅದರಲ್ಲಿ ಒಂಬತ್ತೇ ತುಂಡು.

ತಟ್ಟೆಯ ಕೆಳಗೆ, ಮೇಜಿನ ಕೆಳಗೆ, ಚಾಪೆಯ ಅಂಚಿನಲ್ಲಿ ಎಲ್ಲ ಹುಡುಕಿದೆ. ಆಮೇಲೆ ಕೈಗಳ ಡ್ರಾಯರು ತೆಗೆದೆ. ಆ ಗೊಂಬೆಯ ಮೈಬಣ್ಣ ಅಪರೂಪದ ಕಂದು, ಟೀ ಬಣ್ಣಕ್ಕಿಂತ ಒಂದು ಛಾಯೆ ಗಾಢ. ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಕೈಯನ್ನು ಪಕ್ಕಕ್ಕಿಟ್ಟು ನೋಡಿದೆ. ಒಂದು ಗಂಟೆ ಆಯಿತು. ಕೊನೆಗೆ ಸರಿಯಾದದ್ದು ಸಿಕ್ಕಿತು. ಒತ್ತಿದಾಗ ಟಕ್ ಎಂದು ಕೂತಿತು. ಸಡಿಲವಿರಲಿಲ್ಲ. ನನಗೆ ಖುಷಿಯಾಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

ಹನ್ನೊಂದಕ್ಕೆ ನೀಲಿ ಗೊಂಬೆಯನ್ನು ಕೇಳಿಕೊಂಡು ಅದರ ಗಿರಾಕಿ ಬಂದರು. ಪೆಟ್ಟಿಗೆಗೆ ಆಗಲೇ ಟೇಪು ಅಂಟಿಸಿದ್ದೆ. ಹೊಸಬರ ಮುಖ ನೋಡಲು ನನಗೆ ಆಗುವುದಿಲ್ಲ, ಕಾಲಿನ ಕಡೆ ನೋಡುತ್ತೇನೆ. ಅವರ ಬೂಟಿಗೆ ಲೇಸು ಇರಲಿಲ್ಲ, ಅಂಟಿಸುವ ಪಟ್ಟಿ ಇತ್ತು. ಅದನ್ನು ಗಮನಿಸಿದೆ, ಏಕೆ ಎಂದು ಯೋಚಿಸಲಿಲ್ಲ. ಎಡಗೈಯಲ್ಲಿ ಪೆಟ್ಟಿಗೆ ತೆಗೆದುಕೊಂಡು, ಸಂಜೆಯೇ ಹುಟ್ಟುಹಬ್ಬ, ಡ್ಯೂಟಿ ಮುಗಿಸಿ ನೇರ ಮನೆಗೆ ಎಂದು ಹೇಳಿ ಹೋದರು.

ಅತ್ತೆ ಬಂದಾಗ ಒಂದು ಗಂಟೆ. ನಾನಾಗಿಯೇ ಮಾತು ತೆಗೆದೆ, ಅದು ಅಪರೂಪ. ನೀಲಿ ಗೊಂಬೆಗೆ ಒಂದು ಕೈ ಇರಲಿಲ್ಲ, ಹುಡುಕಿ ಹಾಕಿದೆ ಎಂದೆ. ಶಹಬ್ಬಾಸ್ ಎನ್ನುವಂತೆ ಹೆಬ್ಬೆರಳು ಎತ್ತುತ್ತಾರೆ ಎಂದುಕೊಂಡಿದ್ದೆ.

ಅತ್ತೆ ಮೂಟೆಯನ್ನು ಕೆಳಗಿಡದೆ ಹಾಗೇ ನಿಂತರು. “ಅದು ಅವರೇ ಕಣೇ. ಅವರಿಗೆ ಆ ಕೈ ಇಲ್ಲ” ಎಂದರು.

ಆಮೇಲೆ ಉಳಿದದ್ದನ್ನು ಹೇಳಿದರು. ಎರಡು ಕೈ ಇರುವ ಇನ್ನೊಬ್ಬ ಅಂಕಲ್ಲನ್ನು ಆ ಮಗುವಿಗೆ ಕೊಡಲು ನಾನೇ ಟೇಪು ಅಂಟಿಸಿ ಕಳಿಸಿದ್ದೆ. ಅತ್ತೆ ಅವರಿಗೆ ಫೋನು ಮಾಡಿದರು, ಕರೆ ಹೋಗಲಿಲ್ಲ. ಆ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುವಾಗ ಫೋನು ಆಫ್ ಮಾಡಿ ಕಚೇರಿಯಲ್ಲಿ ಕೊಟ್ಟುಬಿಡಬೇಕು. ಅತ್ತೆ ಕಳಚಿದ್ದ ಚಪ್ಪಲಿಯನ್ನು ಮತ್ತೆ ಹಾಕಿಕೊಂಡರು.

ನಾನು ಹೋಗುತ್ತೇನೆ ಎಂದೆ. ಅತ್ತೆ ನನ್ನನ್ನು ನೋಡಿದರು. ಊಟಕ್ಕೆ ಬಂದಿದ್ದ ಮಾವ ತುತ್ತು ಕೈಯಲ್ಲೇ ಹಿಡಿದು, “ಹೋಗಿ ಏನ್ ಮಾಡ್ತೀಯೇ ಬಾಯಿಬಡುಕಿ, ಗೇಟ್ ಮುಂದೆ ನಿಂತು ನೆಲ ನೋಡ್ತೀಯಾ?” ಎಂದರು. ಅತ್ತೆ ಅವರ ಕಡೆ ಕೈ ಬೀಸಿ ಸುಮ್ಮನಾಗಿಸಿದರು. ಚಪ್ಪಲಿ ಬಿಟ್ಟು, ಸಣ್ಣ ಚಿಮ್ಮಟವನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು. ವಿಳಾಸ ಬರೆದುಕೊಟ್ಟರು.

ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಇಪ್ಪತ್ತು ಸಲ ಹೇಳಿಕೊಂಡೆ. ಒಂದು ನಿಲ್ದಾಣ ಮುಂದೆ ಹೋಗಿ ಇಳಿದು ಹಿಂದಕ್ಕೆ ನಡೆದೆ. ಗೇಟಿನ ಪಕ್ಕ ಕಿಟಕಿ ಇರುವ ಸಣ್ಣ ಕೋಣೆ. ಒಳಗೆ ಅವರು ಕುರ್ಚಿಯಲ್ಲಿ ಕೂತಿದ್ದರು. ಗೊಂಬೆ ರಿಜಿಸ್ಟರಿನ ಮೇಲೆ ನಿಂತಿತ್ತು, ಪೆಟ್ಟಿಗೆ ಪಕ್ಕದಲ್ಲಿ ಬಿಚ್ಚಿ ಬಿದ್ದಿತ್ತು.

ಏನಮ್ಮ, ಇಲ್ಲಿವರೆಗೂ ಬಂದೆ ಎಂದು ಕೇಳಿದರು. ನಾನು ಹೇಳಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ: “ಗೊಂಬೆ ಅಂಗಡಿಯಿಂದ ಬಂದಿದ್ದೀನಿ. ಕೈ ಹಾಕಿದ್ದು ನಾನು, ಅತ್ತೆ ಅಲ್ಲ. ನಂಗೆ ಗೊತ್ತಿರ್ಲಿಲ್ಲ.”

ಅವರು ಗೊಂಬೆಯ ಕಡೆ ನೋಡಿದರು. ಆಮೇಲೆ ಬಣ್ಣ ಇಷ್ಟು ಸರಿಯಾಗಿ ಹೇಗೆ ಸಿಕ್ಕಿತು ಎಂದು ಕೇಳಿದರು. ಒಂದು ಗಂಟೆ ಹುಡುಕಿದೆ ಎಂದೆ.

“ಡಾಕ್ಟ್ರೂ ಇಷ್ಟು ಹುಡುಕ್ಲಿಲ್ಲ ನೋಡು” ಎಂದರು. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಅವರು ನಕ್ಕ ಮೇಲೆ ನಾನೂ ಸ್ವಲ್ಪ ನಕ್ಕೆ.

ಆಮೇಲೆ ಗೊಂಬೆಯನ್ನು ನನ್ನ ಕಡೆ ತಳ್ಳಿ ಹೇಳಿದರು: “ತೆಗೆದು ನೋಡಿದಾಗ ಇರ್ಲಿ ಬಿಡು ಅಂತ ಒಂದ್ಸಲ ಅನ್ನಿಸ್ತು. ಹೀಗೇ ಇದ್ದೆ ನಾನು, ಚೆನ್ನಾಗೇ ಕಾಣ್ತಿದೆ. ಆದ್ರೆ ಅವಳು ನೆನಪಿಟ್ಕೊಂಡಿರೋ ಅಪ್ಪ ಇವನಲ್ಲ. ಕಿತ್ತುಬಿಡೋಣ ಅಂತ ಹೋದೆ, ಬರ್ಲಿಲ್ಲ. ಹಿಡ್ಕೊಳ್ಳೋಕೆ ಒಂದು ಕೈ ಬೇಕು, ಎಳೆಯೋಕೆ ಇನ್ನೊಂದು.”

ಹತ್ತಿರದಿಂದ ನೋಡಿದೆ. ಗೊಂಬೆಯ ಕೈಯ ಮೇಲೆ ಎರಡು ಹಲ್ಲಿನ ಗುರುತು ಇತ್ತು. ಬಾಯಲ್ಲಿ ಕಚ್ಚಿ ಎಳೆದಿದ್ದರು.

ನಾನು ಎಡಗೈಯಲ್ಲಿ ತೋಳು ಹಿಡಿದು, ಚಿಮ್ಮಟದಿಂದ ಮೆಲ್ಲಗೆ ತಿರುಗಿಸಿ ಎಳೆದೆ. ಬಂತು. ಅದೇ ಹೊತ್ತಿಗೆ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಅವರು ಎದ್ದು ಹೋಗಿ ಗೇಟು ತೆರೆದು, ಚಾಲಕನಿಂದ ಸಹಿ ಹಾಕಿಸಿಕೊಂಡು ಬಂದರು. ಅಷ್ಟರಲ್ಲಿ ನಾನು ಗೊಂಬೆಯನ್ನು ಪೆಟ್ಟಿಗೆಗೆ ಹಾಕಿ ಟೇಪು ಅಂಟಿಸಿದ್ದೆ. ಕಿತ್ತ ಕೈ ಬೇಕೇ ಎಂದು ಕೇಳಿದೆ. ಬೇಡ ಎಂದರು. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳಿದರು. ಆಗ ಅವರ ಮುಖ ನೋಡಿದೆ. ಅತ್ತೆ ಆರಿಸಿದ್ದ ತಲೆ ಸರಿಯಾಗಿತ್ತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಹಲ್ಲಿನ ಗುರುತಿನ ಕೈಯನ್ನು ಭೂತಗನ್ನಡಿಯಲ್ಲಿ ನೋಡಿ, ಹಾಳಾದ ತುಂಡುಗಳ ಡಬ್ಬಿಗೆ ಹಾಕಿದರು. ಬೈಯಲಿಲ್ಲ. “ನಾನು ಹೇಳ್ಬೇಕಿತ್ತು” ಎಂದರು. ಆಮೇಲೆ ಇಬ್ಬರೂ ಹೊಸ ಮೂಟೆಯನ್ನು ಚಾದರದ ಮೇಲೆ ಸುರಿದು ಆರಿಸಲು ಕೂತೆವು.

ಭಾನುವಾರ ಅವರು ಅತ್ತೆಗೆ ಫೋನು ಮಾಡಿದ್ದರು. ಮಗಳು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಆಟದ ಮನೆಯ ಬಾಗಿಲಲ್ಲಿ ನಿಲ್ಲಿಸಿದ್ದಾಳಂತೆ. ಒಳಗೆ ಬಾ ಎಂದು ಕರೆಯಬಾರದೇ ಎಂದು ಅವರು ಕೇಳಿದರೆ, ಡ್ಯೂಟಿ ಮುಗೀಲಿ ಆಮೇಲೆ ಎಂದಳಂತೆ. ಇದನ್ನು ಅತ್ತೆ ಸನ್ನೆಯಲ್ಲಿ ಹೇಳಲು ಹೋಗಿ, ಆಗದೆ, ಬಾಯಲ್ಲೇ ಹೇಳಿದರು.

ಇಷ್ಟು ನನಗೆ ಗೊತ್ತಿರುವುದು. ಬರುವ ಸೋಮವಾರದಿಂದ ಗಿರಾಕಿಗಳು ಬಂದಾಗ ನಾನು ಒಳಗೆ ಹೋಗುವುದಿಲ್ಲ. ಮುಂದಿನ ಕೋಣೆಯಲ್ಲಿ ಅತ್ತೆಯ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು, ಅವರು ಹೇಳುವುದನ್ನು ಕೇಳಿ ಬರೆದುಕೊಳ್ಳುತ್ತೇನೆ.