ಆರು ಒಂದು, ಒಂದು ಏಳು

ಗಂಗಾವತಿಯ ಜೋಳದ ವ್ಯಾಪಾರಿ ಕೊಟ್ರಬಸಪ್ಪನಿಗೆ ಇಸ್ಪೀಟಿನ ಹುಚ್ಚಿರಲಿಲ್ಲ, ನಾಟಕದ ಹುಚ್ಚಿರಲಿಲ್ಲ. ಇದ್ದದ್ದು ಒಂದು ಸಂಖ್ಯೆಯ ಹುಚ್ಚು: ಒಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. ಆರು ಒಂದುಗಳು ಸೆಟೆದು ನಿಂತದ್ದು ನೋಡಿದರೆ ಯಾರಿಗೂ ಬಗ್ಗದ ಅವಿಭಾಜ್ಯ ಸಂಖ್ಯೆ ಅನ್ನಬೇಕು. ಎಲ್ಲಿಯ ಅವಿಭಾಜ್ಯ! ಐದು ಅವಿಭಾಜ್ಯಗಳು ಗುಣಿಸಿಕೊಂಡು ಹುಟ್ಟಿದ ಸಂಖ್ಯೆ ಅದು. ಈ ಗುಟ್ಟನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕೇಳಿಸಿಕೊಂಡ ಹೆಣ್ಣಿನವರು ಸಂಬಂಧ ಬೇಡವೆಂದು ಎದ್ದು ಹೋಗುತ್ತಿದ್ದರು. ವಯಸ್ಸು ಮೂವತ್ತು ದಾಟಿತ್ತು ಪಾಪ.

ಹನುಮಸಾಗರಕ್ಕೆ ಹೆಣ್ಣು ನೋಡಲು ಹೊರಟಾಗ ಅಕ್ಕ ಶಿವಬಸಮ್ಮ ಬಂಡಿಯಲ್ಲೇ ಹಿಡಿದು ಜಾಡಿಸಿದಳು.

"ಆ ಸಂಖ್ಯೆದ ಸುದ್ದಿ ತೆಗೀಬ್ಯಾಡ ತಮ್ಮಾ. ತೆಗದ್ರೂ ನಿನ್ನ ಸಾಲಿ ಉರ್ದು ಹಚ್ಚಿ ಸಾತ್, ಆಠ್ ಅನಬ್ಯಾಡ. ಅಚ್ಚ ಕನ್ನಡದಾಗ ಮಾತಾಡು. ಇದೊಂದು ತಪ್ಪಿತಂದ್ರ ನಾ ಇನ್ನ ಎಲ್ಲೂ ಹೆಣ್ಣ ಕೇಳಂಗಿಲ್ಲ."

ನಿಜಾಮರ ಸಾಲೆಯಲ್ಲಿ ಲೆಕ್ಕವನ್ನೆಲ್ಲ ಉರ್ದುವಿನಲ್ಲೇ ಕಲಿತವನು ಅವನು. ಆದರೂ ಹೂಂ ಅಂದ.

ಹುಡುಗಿ ಶೇಖರಮ್ಮನನ್ನು ನೋಡಿದ್ದೇ ತಡ, ಅವನ ಕಾಲು ನೆಲಕ್ಕೆ ಹತ್ತಲಿಲ್ಲ. ಇವಳೇ ಬೇಕು ಅನಿಸಿಬಿಟ್ಟಿತು. ಊಟಕ್ಕೆ ಪಂಕ್ತಿ ಕೂತಿತು. ಎಲೆಗೆ ಹೋಳಿಗೆ ಬಿದ್ದಿತ್ತು. ಹುಡುಗಿಯ ತಂದೆ ದೇವೇಂದ್ರಪ್ಪನವರು ತಮಾಷೆಗೆ ಕೇಳಿದರು: "ನಿಮಗ ಯಾವುದೋ ಸಂಖ್ಯೆ ಹುಚ್ಚ ಐತಂತಲ್ರಿ. ಏನದು?"

ಶಿವಬಸಮ್ಮ ಕಣ್ಣು ಬಿಟ್ಟಳು. ಇವನ ನಾಲಿಗೆ ಕೇಳಬೇಕಲ್ಲ? ಸಂಖ್ಯೆ ಹೇಳಿದ. "ಮೂರಕ್ಕ ಸರಿಯಾಗಿ ಭಾಗ ಹೋಗತೈತ್ರಿ."

"ಮತ್ತ ಯಾವುದಕ್ಕ?"

ಸಾತ್ ಎಂದು ತುಟಿಗೆ ಬಂತು. ಅಕ್ಕನ ಮಾತು ನೆನಪಾಯಿತು. ಅದನ್ನು ನುಂಗಿ, ಮಾವನಾಗುವವರ ಮುಖ ನೋಡುತ್ತ ಗಟ್ಟಿಯಾಗಿ ಅಂದ:

"ಏಳು."

ದೇವೇಂದ್ರಪ್ಪನವರು ಎದ್ದರು. ಅವರ ಹಿಂದೆ ಪಂಕ್ತಿಯೇ ಎದ್ದಿತು. "ನನ್ನ ಮನ್ಯಾಗ, ನನ್ನ ಎಲಿ ಮುಂದ, ನನಗ ಏಳು ಅಂತಾನಲ್ಲ ಇವ!"

ಈ ಸಂಬಂಧವೂ ಮುರಿಯಿತು ಎಂದುಕೊಂಡ ಕೊಟ್ರಬಸಪ್ಪ. ಅಷ್ಟರಲ್ಲಿ ಬಾಗಿಲ ಹಿಂದೆ ಶೇಖರಮ್ಮ ಕಿಸಕ್ಕೆಂದಳು.

"ಯಪ್ಪಾ, ಅವ್ರು ನಿನಗ ಎದ್ದು ನಿಂದ್ರು ಅಂದಿಲ್ಲ. ಆರು ಆದಮ್ಯಾಲ ಬರೂ ಏಳು ಅಂದ್ರು."

ದೇವೇಂದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವ ಭರಕ್ಕೆ ಯಾರದೋ ತಂಬಿಗೆ ಉರುಳಿತು. ಎದ್ದ ಎಲೆಗೆ ಮತ್ತೆ ಕೂಡುವಂತಿಲ್ಲ, ಹೊಸ ಎಲೆ ಹಾಕಿದರು. ಎಲ್ಲರೂ ಕೂತ ಮೇಲೆ ಬಾಗಿಲ ಹಿಂದಿನಿಂದ ಶೇಖರಮ್ಮನೇ ಕೇಳಿದಳು:

"ಹದಿಮೂರಕ್ಕೂ ಹೋಗತೈತೇನ್ರಿ ಅದು?"

ಇಷ್ಟು ವರ್ಷದಲ್ಲಿ ತಾನೇ ಒಂದು ಅವಿಭಾಜ್ಯ ಹುಡುಕಿ ಕೇಳಿದವಳು ಇವಳೊಬ್ಬಳೇ. ಕೊಟ್ರಬಸಪ್ಪ ಸಂತೋಷಕ್ಕೆ ಹೋಳಿಗೆ ಮರೆತ. "ಹೋಗತೈತಿ. ಭಾಗಿಸಿದ್ರ ಬರೂದು ಎಂಟು ಸಾವಿರದ ಐನೂರಾ ನಲವತ್..." ಅಂದವನು ಮಾವನ ಕಡೆ ನೋಡಿ ಗಪ್ಪನೆ ಮಾತು ನಿಲ್ಲಿಸಿದ.

"ಸಾತ್ ಅಂದಬಿಡ್ರಿ, ಅಳಿಯಂದ್ರ," ಎಂದರು ದೇವೇಂದ್ರಪ್ಪನವರು. "ಇನ್ನೊಮ್ಮೆ ಏಳೂದು ನನ್ನ ಕೈಲಿ ಆಗಂಗಿಲ್ಲ."