ಜಾಡಿ ನಮ್ಮಲ್ಲಿ, ಮುಚ್ಚಳ ಅವರಲ್ಲಿ

೧೯೪೮ರಲ್ಲಿ, ಹೈಸ್ಕೂಲಿನ ಎರಡನೆಯ ವರ್ಷದಲ್ಲಿ, ನಾನು ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ದುಡಿಯುವ ಕೈ ಇನ್ನೊಂದು ಬೇಕಾಗಿತ್ತು, ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಹುಡುಗರನ್ನು ತೆಗೆದುಕೊಳ್ಳುತ್ತಿದ್ದರು, ಹೋದೆ. ಅರ ಹಿಡಿದು ಕಬ್ಬಿಣ ಉಜ್ಜುವುದರಿಂದ ಶುರುಮಾಡಿದವನು ಇಪ್ಪತ್ತು ವರ್ಷದ ಮೇಲೆ ಅಮೆರಿಕದ ಮಿಚಿಗನ್ನಿನ ವಾರೆನ್‌ನಲ್ಲಿ ಡೈ ಮೇಕರ್ ಆಗಿದ್ದೆ. ಕಾರಿನ ಬಾಗಿಲು, ಬಾನೆಟ್ಟುಗಳನ್ನು ಒತ್ತುವ ಉಕ್ಕಿನ ಅಚ್ಚು ಮಾಡುವ ಕೆಲಸ. ಮೇಲಿನ ಅಚ್ಚು ಕೆಳಗಿನದರ ಮೇಲೆ ಸರಿಯಾಗಿ ಕೂರಬೇಕು. ಹತ್ತಿರ ಹತ್ತಿರ ಕೂತರೆ ಅದು ಕೂತ ಹಾಗಲ್ಲ. ಈ ಮಾತನ್ನು ಮುಂದಿನ ಕಥೆಗಾಗಿಯೇ ಹೇಳುತ್ತಿದ್ದೇನೆ.

ಮನೆ ಮಾಡಿದ ಹೊಸದರಲ್ಲಿ ಕುರ್ಚಿ ಹುಡುಕಿಕೊಂಡು ನಾನೂ ನನ್ನ ಹೆಂಡತಿಯೂ ಶನಿವಾರಗಳಂದು ಎಸ್ಟೇಟ್ ಸೇಲುಗಳಿಗೆ ಹೋಗುತ್ತಿದ್ದೆವು. ಹಿರಿಯರು ತೀರಿಕೊಂಡ ಮೇಲೆ ಇಲ್ಲಿನವರು ಬಾಗಿಲು ತೆರೆದಿಟ್ಟು ಮಂಚದಿಂದ ಚಮಚದವರೆಗೆ ಎಲ್ಲವನ್ನೂ ಮಾರುತ್ತಾರೆ. ಅಂಥ ಒಂದು ಮನೆಯಲ್ಲಿ ನೀಲಿ ಚಿತ್ರದ ಜಪಾನಿ ತಟ್ಟೆಯೊಂದನ್ನು ಎತ್ತಿ ಮಗುಚಿ ನೋಡಿದೆ. ತಳದ ಅಂಚಿಗೆ ಹೊಳಪಿನ ಲೇಪ ಹಚ್ಚದೆ ಬಿಟ್ಟಿದ್ದರು. ಬೆರಳಾಡಿಸಿದರೆ ಕುಂಬಾರರ ತಿಗರಿಯ ಮೇಲೆ ಅದನ್ನು ಕೊರೆದವನ ಕೈ ಗೊತ್ತಾಗುತ್ತಿತ್ತು. ಲೇತ್ ಮುಂದೆ ನಿಂತು ಬದುಕಿದವನಿಗೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಕುರ್ಚಿ ಬಿಟ್ಟು ತಟ್ಟೆ ತಂದೆ.

"ಇದರ ಮೇಲೆ ಕೂತ್ಕೊಳೋದು ಹೇಗೆ ಅಂತ ನೀವೇ ತೋರಿಸ್ಕೊಡಿ" ಎಂದಳು ಹೆಂಡತಿ.

ಹಾಗೆ ಶುರುವಾಯಿತು. ಲೈಬ್ರರಿಯಿಂದ ದಪ್ಪ ದಪ್ಪ ಪುಸ್ತಕ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಯಾವುದು ಚೀನಾದ್ದು, ಯಾವುದು ಜಪಾನಿನದು, ಯಾವುದು ಅವನ್ನು ನೋಡಿ ಬೇರೆ ಕಡೆ ಮಾಡಿದ್ದು ಎಂಬುದು ನಿಧಾನವಾಗಿ ಕೈಗೆ ಹತ್ತಿತು. ಪರಿಚಯದ ಮನೆಗಳ ಮಕ್ಕಳು ನನಗೆ ಪಿಂಗಾಣಿ ಅಂಕಲ್ ಎಂದು ಹೆಸರಿಟ್ಟರು.

೧೯೭೨ರ ಬೇಸಿಗೆಯಲ್ಲಿ, ಷಿಕಾಗೋಗೆ ಹೋಗುವ ದಾರಿಯ ಕಲಮಜೂ ಹತ್ತಿರದ ಒಂದು ಹಳೆಯ ಮನೆಯ ಸಾಮಾನು ಹರಾಜಿಗೆ ಬಂತು. ಅದರಲ್ಲಿ ಚೀನಾದ ಒಂದು ಶುಂಠಿ ಜಾಡಿ ಇತ್ತು. ಹಿಂದೆ ಅವರು ಸಕ್ಕರೆ ಪಾಕದಲ್ಲಿ ಶುಂಠಿ ತುಂಬಿ ಹೊರದೇಶಗಳಿಗೆ ಕಳಿಸುತ್ತಿದ್ದ ದುಂಡು ಹೊಟ್ಟೆಯ ಜಾಡಿ. ನೀಲಿ ನೆಲದ ಮೇಲೆ ಬಿರುಕುಬಿಟ್ಟ ಮಂಜುಗಡ್ಡೆಯ ಗೆರೆಗಳು, ಅದರ ಮೇಲೆ ಉದುರಿದ ಬಿಳಿ ಹೂವು. ನಮ್ಮ ವಾರೆನ್ನಿನ ಮಾರ್ಚ್ ತಿಂಗಳನ್ನು ಯಾರೋ ನೋಡಿ ಬರೆದಂತಿತ್ತು. ಮುಚ್ಚಳ ಇರಲಿಲ್ಲ. ಇಂಥ ಜಾಡಿಗಳ ಮುಚ್ಚಳ ಉಳಿಯುವುದೇ ಅಪರೂಪ. ನಾನು ಕೂಗಿದೆ, ನನಗೇ ಆಯಿತು.

ಜಾಡಿಯನ್ನು ಕಂಬಳಿಯಲ್ಲಿ ಸುತ್ತುತ್ತಾ ಹೆಂಡತಿಯೊಂದಿಗೆ ಮಾತಾಡುತ್ತಿದ್ದೆ. ಹಿಂದಿನಿಂದ ಒಂದು ದನಿ: "ಏನ್ರೀ, ಕನ್ನಡದೋರೇನು?"

ತಿರುಗಿದರೆ ನನ್ನದೇ ವಯಸ್ಸಿನ ಒಬ್ಬರು, ಸೂಟು ಹಾಕಿದವರು, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಧಾರವಾಡದ ಡಾಕ್ಟರು, ಷಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಮನೆ. ಆ ಕಾಲಕ್ಕೆ ಅಂಥ ಜಾಗದಲ್ಲಿ ಕನ್ನಡ ಕೇಳಿದರೆ ಎದೆ ತುಂಬುತ್ತಿತ್ತು. ಕೈ ಕುಲುಕಿದೆವು.

"ಎಂಜಿನಿಯರ್ ಏನ್ರಿ ನೀವು?"

"ಅಲ್ಲ, ಡೈ ಮೇಕರ್."

"ಅಂದ್ರ ಡಿಪ್ಲೊಮಾ ಮಾಡೀರಿ."

"ಅದೂ ಇಲ್ಲ. ಹೈಸ್ಕೂಲೂ ಮುಗಿಸಿಲ್ಲ."

ಅವರು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿ, "ಇರ್ಲಿ ಬಿಡ್ರಿ" ಎಂದರು.

ಸಮಾಧಾನ ಹೇಳುವ ಹಾಗಿತ್ತು ಅದು. ನಾನು ಕೇಳಿರದ ಸಮಾಧಾನ. ಅದು ಚುಚ್ಚಿದ ಹೊತ್ತಿಗೇ ಅವರ ಪೆಟ್ಟಿಗೆಯೊಳಕ್ಕೆ ನನ್ನ ಕಣ್ಣು ಹೋಯಿತು. ಹರಾಜಿನವರು ಸಣ್ಣಪುಟ್ಟ ಸಾಮಾನನ್ನೆಲ್ಲ ಒಟ್ಟಿಗೆ ತುಂಬಿ ಮಾರುವ ಪೆಟ್ಟಿಗೆ ಅದು. ಟೀ ಕಪ್ಪುಗಳ ನಡುವೆ ನೀಲಿ ಮುಚ್ಚಳವೊಂದು ಇತ್ತು. ಅದೇ ಬಿರುಕು, ಅದೇ ಬಿಳಿ ಹೂ.

"ಆ ಮುಚ್ಚಳ ಕೊಡ್ತೀರಾ? ಏನು ಹೇಳಿದ್ರೂ ಕೊಡ್ತೀನಿ."

ಅವರು ಮುಚ್ಚಳ ನೋಡಿದರು, ಕಂಬಳಿಯೊಳಗಿನ ಜಾಡಿ ನೋಡಿದರು, ನಕ್ಕರು. "ಮಾರೂದಿಲ್ರಿ. ನೀವ ಜಾಡಿ ಕೊಟ್ಬಿಡ್ರಿ. ನಾನೂ ಇಂಥಾವ ಕೂಡಿಸ್ತೀನಿ."

ನಾನು ಜಾಡಿಯನ್ನು ಇನ್ನೊಂದು ಸುತ್ತು ಸುತ್ತಿದೆ.

ಆಮೇಲಿನ ವರ್ಷಗಳಲ್ಲಿ ಅವರು ಸಿಗುತ್ತಲೇ ಇದ್ದರು. ಷಿಕಾಗೋ ಕಡೆ ಯುಗಾದಿಗೆ, ದೀಪಾವಳಿಗೆ ಕನ್ನಡದವರೆಲ್ಲ ಸೇರುತ್ತಿದ್ದೆವು. ನಾವು ವಾರೆನ್‌ನಿಂದ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆವು.

"ಏನ್ರೀ, ನನ್ನ ಜಾಡಿ ಆರಾಮ ಅದ?"

"ಚೆನ್ನಾಗಿದೆ ಡಾಕ್ಟ್ರೇ. ತಲೆ ಮೇಲೆ ಟೋಪಿ ಇಲ್ಲ, ಶೀತ ಆಗಿದೆ. ಔಷಧಿ ನಿಮ್ಮ ಹತ್ರಾನೇ ಇದೆಯಲ್ಲ."

ಸುತ್ತಲಿನವರು ನಗುತ್ತಿದ್ದರು. ನನಗೆ ಅದು ತಮಾಷೆಯಾಗಿರಲಿಲ್ಲ. ಶೆಲ್ಫಿನ ಮುಂದೆ ಹಾದುಹೋದಾಗಲೆಲ್ಲ ಆ ಬೋಳು ಕುತ್ತಿಗೆ ಕಾಣುತ್ತಿತ್ತು. ಒಮ್ಮೆ ನಾನು ಕೆಲಸ ಮಾಡುವ ಶಾಪಿನ ಲೇತಿನಲ್ಲಿ ವಾಲ್ನಟ್ ಮರದ ಮುಚ್ಚಳ ಮಾಡಿ ತಂದೆ. ಚೆನ್ನಾಗಿ ಕೂತಿತು. ಆದರೆ ಜೋಡಿ ಎಲ್ಲಿದೆ ಎಂದು ಗೊತ್ತಿರುವಾಗ ಬೇರೆಯದನ್ನು ನೋಡುವುದು ಕಷ್ಟ. ತೆಗೆದು ಒಳಗಿಟ್ಟೆ. ಬಾಯಿಬಿಟ್ಟು ಇನ್ನೊಮ್ಮೆ ಕೇಳಿದ್ದರೆ ಡಾಕ್ಟರು ಕೊಡುತ್ತಿದ್ದರೇನೋ. ಮತ್ತೆ "ಇರ್ಲಿ ಬಿಡ್ರಿ" ಅನ್ನಿಸಿಕೊಳ್ಳಲು ನಾನು ಸಿದ್ಧನಿರಲಿಲ್ಲ.

೧೯೭೫ರ ಚಳಿಗಾಲದಲ್ಲಿ ಅವರ ಹೆಂಡತಿಗೆ ಹೆರಿಗೆಯಾಯಿತು. ಅಷ್ಟರಲ್ಲಿ ಹೆಂಗಸರಿಬ್ಬರೂ ಫೋನಿನಲ್ಲಿ ಗೆಳತಿಯರಾಗಿದ್ದರು. ಊರಿಂದ ಬಾಣಂತನಕ್ಕೆ ಯಾರೂ ಬರುವಂತಿರಲಿಲ್ಲ. ನನ್ನ ಹೆಂಡತಿ ಒಣಶುಂಠಿ ಕುಟ್ಟಿ, ಬೆಲ್ಲ ಸಿಗದೆ ಬ್ರೌನ್ ಶುಗರ್ ಹಾಕಿ, ತುಪ್ಪ ಸುರಿದು ಬಾಣಂತಿ ಲೇಹ್ಯ ಕಾಯಿಸಿದಳು. ಇಡೀ ಮನೆ ಘಾಟು. ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಜಾಡಿ, ಕಂಠದವರೆಗೆ ಲೇಹ್ಯ.

"ಏನು ಮಾಡಿದೀಯ ನೀನು?"

"ಲೇಹ್ಯಕ್ಕೆ ಪಿಂಗಾಣೀನೇ ಆಗಬೇಕು ರೀ. ಸ್ಟೀಲಲ್ಲಿ ಇಟ್ರೆ ವಾಸನೆ ಬರುತ್ತೆ."

"ನೂರು ವರ್ಷದ್ದು ಕಣೇ ಅದು."

"ಚೀನಾದೋರು ಅದರಲ್ಲಿ ಏನು ತುಂಬ್ತಿದ್ರು? ನೀವೇ ಹೇಳಿದ್ರಲ್ಲ."

"ಶುಂಠಿ."

"ನಾನೇನು ತುಂಬಿದೀನಿ?"

ನಾನು ಕಾರಿನ ಕೀಲಿ ತೆಗೆದುಕೊಂಡೆ. ಅವಳು ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಡೌನರ್ಸ್ ಗ್ರೋವ್‌ವರೆಗೆ ಕೂತಳು. ನಾನು ದಾರಿಯುದ್ದಕ್ಕೂ ಹೊಂಡ ತಪ್ಪಿಸಿ ಓಡಿಸಿದೆ.

ಬಾಗಿಲು ತೆಗೆದ ಡಾಕ್ಟರು ಅವಳ ಕೈಯಲ್ಲಿದ್ದುದನ್ನು ನೋಡಿ ಬಾಗಿಲನ್ನು ಇನ್ನಷ್ಟು ಅಗಲ ತೆರೆದರು. ಮಗು ನೋಡಿದೆವು, ಊಟ ಮಾಡಿದೆವು. ಹೊರಡುವಾಗ ಬಾಣಂತಿ, "ಅಕ್ಕಾ, ಜಾಡಿ?" ಎಂದರು. "ದಿನಾ ಒಂದು ಉಂಡೆ ತಗೋ. ಪೂರ್ತಿ ಮುಗಿದ ಮೇಲೆ ಕಳಿಸಿದ್ರಾಯ್ತು" ಎಂದಳು ನನ್ನ ಹೆಂಡತಿ. ಬಾಗಿಲ ಪಕ್ಕದ ಗೂಡಿನಲ್ಲಿ ಆ ನೀಲಿ ಮುಚ್ಚಳ ಇತ್ತು. ಅದರಿಂದ ಒಂದು ಮೊಳ ದೂರದಲ್ಲಿ ಜಾಡಿ ಇಟ್ಟು ನಾನು ಬೂಟು ಹಾಕಿಕೊಂಡೆ.

ಹಿಂತಿರುಗುವಾಗ ಹೇಳಿದೆ: "ಹೋಯ್ತು ಬಿಡು. ಕೊನೆಗೂ ಅವರಿಗೇ ಸೇರ್ತು."

"ಬಾಣಂತಿ ಮನೇಗೆ ಹೋದದ್ದನ್ನ ಹೋಯ್ತು ಅಂತಾರಾ?" ಎಂದಳು, ಕಿಟಕಿಯ ಕಡೆ ತಿರುಗಿ ನಿದ್ದೆಹೋದಳು.

ಚಳಿಗಾಲ ಕಳೆಯಿತು. ಲೇಹ್ಯ ಎಂದೋ ಮುಗಿದಿರಬೇಕು. ಹೆಂಗಸರು ಫೋನಿನಲ್ಲಿ ಮಗುವಿನ ಹಲ್ಲು, ಮಗುವಿನ ನಿದ್ದೆ ಎಲ್ಲ ಮಾತಾಡುತ್ತಿದ್ದರು, ಜಾಡಿಯ ಸುದ್ದಿ ಇಲ್ಲ. ಶೆಲ್ಫಿನಲ್ಲಿ ಅದರ ಜಾಗಕ್ಕೆ ಬೇರೆ ಏನನ್ನೂ ಇಡಲಿಲ್ಲ. ಫೋನು ಮಾಡಿ ಕೇಳಲೂ ಇಲ್ಲ.

ಯುಗಾದಿಯ ಊಟ ಡಾಕ್ಟರ ಊರಿನ ಪಕ್ಕದ ಲೈಲ್‌ನ ಒಂದು ಶಾಲೆಯ ಕೆಫೆಟೇರಿಯಾದಲ್ಲಿ. ನಾವು ಎಲೆಯ ಬದಲು ಪೇಪರ್ ತಟ್ಟೆ ಹಂಚುತ್ತಿದ್ದಾಗ ಡಾಕ್ಟರು ಬಂದರು. ಸೂಟಿನ ಎದೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ, ಜಾಡಿ. ಅದರ ಮೇಲೆ ಮುಚ್ಚಳ.

"ತಗೋರಿ. ಶೇಂಗಾ ಚಟ್ನಿಪುಡಿ ಅದ. ಪಾತ್ರಿ ಖಾಲಿ ಹೊಳ್ಳಿ ಕಳಸಬಾರದು ಅಂದ್ಳು ನಮ್ಮಾಕಿ. ಊರಿಂದ ಚಲೋ ಶೇಂಗಾ, ಮೆಣಸಿನಕಾಯಿ ಬರೂತನಾ ತಡ ಆತು."

"ಮುಚ್ಚಳ?"

"ಪುಡಿ ಕಾರಿನ್ಯಾಗ ಚೆಲ್ತದಲ್ರಿ" ಎಂದರು, ನನ್ನ ಮುಖ ನೋಡದೆ.

ನಾನು ಮುಚ್ಚಳವನ್ನು ಎತ್ತಿ, ಎರಡು ಬೆರಳಲ್ಲಿ ತಿರುಗಿಸಿ, ಮತ್ತೆ ಬಿಟ್ಟೆ. ಅದು ಕುತ್ತಿಗೆಯ ಮೇಲೆ ಜಾರಿ ಕೂತಿತು. ಅಲುಗಾಟವಿಲ್ಲ. ಮಂಜಿನ ಒಂದು ಗೆರೆ ಮುಚ್ಚಳದಿಂದ ಜಾಡಿಯ ಹೆಗಲಿಗೆ ಇಳಿದು ಹೋದಂತೆ ಕಂಡಿತು.

"ಕೂಡ್ತದೇನ್ರಿ?" ಡಾಕ್ಟರು ಮೆಲ್ಲಗೆ ಕೇಳಿದರು. ಆಗ ಹೊಳೆಯಿತು, ಅವರು ಮನೆಯಲ್ಲಿ ಇದನ್ನೇ ಎಷ್ಟೋ ಸಲ ಮಾಡಿ ನೋಡಿದ್ದಾರೆ.

"ಕೂತಿದೆ ಡಾಕ್ಟ್ರೇ."

"ಮುಚ್ಚಳ ನಂದ. ನೆನಪಿರ್ಲಿ."

"ಜಾಡಿ ನಂದು. ಅದೂ ನೆನಪಿರಲಿ."

"ಮತ್ತ ಖಾಲಿ ಕಳಸಬ್ಯಾಡ್ರಿ."

ಖಾಲಿ ಕಳಿಸಲಿಲ್ಲ. ದೀಪಾವಳಿಗೆ ನಿಂಬೆಕಾಯಿ ಉಪ್ಪಿನಕಾಯಿ ಹೋಯಿತು, ಯುಗಾದಿಗೆ ಗುರೆಳ್ಳು ಪುಡಿ ಬಂತು. ಇಂದಿಗೂ ಹೋಗುತ್ತಿದೆ, ಬರುತ್ತಿದೆ. ಓದಿನ ಮಾತು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಜಪಾನಿನ ತಟ್ಟೆ ಇಪ್ಪತ್ತಾರು, ಚೀನಾದ ಬಟ್ಟಲು ಹನ್ನೊಂದು, ಕಂಚಿನ ಧೂಪದ ಪಾತ್ರೆ ಎರಡು, ಮರದ ಮುಚ್ಚಳ ಒಂದು, ಜಾಡಿ ಒಂಬತ್ತು. ಹತ್ತನೆಯದು ಡೌನರ್ಸ್ ಗ್ರೋವ್‌ನಲ್ಲಿದೆ.